ಅಗ್ಗದ ಆಮೆನ್: ಸಭಾ ಪ್ರಕಟಣೆಗಳ ಶಾಸ್ತ್ರೀಯ ವಿವೇಚನೆ

ಕ್ರೈಸ್ತಸಭೆಯ ಸಂವಹನವನ್ನು ಕುರಿತ ಚಿಂತನೆಯೆಲ್ಲ ಬಹುತೇಕ ದೇವರು ಮನುಷ್ಯನೊಡನೆ ಹೇಗೆ ಮಾತಾಡುತ್ತಾನೆ ಎಂಬಲ್ಲಿಗೇ ನಿಂತಿದೆ. ಸಭೆಯ ಕಾರ್ಯದರ್ಶಿ ಸಭಿಕರೊಡನೆ ಹೇಗೆ ಮಾತಾಡುತ್ತಾನೆ, ಆಡಿದ್ದು ಅವರನ್ನು ಯಾಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆ ಮೊದಲಿನದಕ್ಕಿಂತ ಜಟಿಲವಾದ್ದರಿಂದಲೋ ಏನೋ, ಪಂಡಿತರು ಅದರ ತಂಟೆಗೆ ಹೋದಂತಿಲ್ಲ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ ಇದು.

ಅಧ್ಯಯನದ ವ್ಯಾಪ್ತಿ: ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳು, ಅವುಗಳ ವಾಟ್ಸಾಪ್ ಗುಂಪುಗಳು ಮತ್ತು ಆರಾಧನೆ ಮುಗಿದ ಮೇಲಿನ ಚರ್ಚಿನ ಅಂಗಳ. ಸಂಶೋಧನಾ ವಿಧಾನ: ಗುಂಪಿನಲ್ಲಿದ್ದೂ ಸುಮ್ಮನಿರುವುದು.

ಮುಖ್ಯ ಪ್ರಮೇಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆವರೆಗೆ ಓದುವವರು ಕಡಿಮೆ ಎಂಬುದು ಇದೇ ಅಧ್ಯಯನದಿಂದ ಸಿದ್ಧಪಟ್ಟಿದೆ. ಪ್ರಮೇಯವನ್ನು ವೆಚ್ಚಸ್ಥಾಯಿತ್ವ ನಿಯಮ ಎಂದು ಕರೆಯೋಣ. ಸಂದೇಶದ ಖರ್ಚನ್ನು ಯಾವ ಯಂತ್ರವೂ ನಾಶಮಾಡಲಾರದು. ಕಳಿಸುವವನ ಕಿಸೆಗೆ ಅದು ಹಗುರಾದಷ್ಟೂ ಓದುವವನ ಕಣ್ಣಿಗೆ ಭಾರವಾಗುತ್ತದೆ.

ಸಾಕ್ಷ್ಯಗಳನ್ನು ಪರಿಶೀಲಿಸೋಣ. ಯೋಹಾನನ ಮೂರನೆಯ ಪತ್ರಿಕೆ ಒಂದು ಪಪೈರಸ್ ಹಾಳೆಯಲ್ಲಿ ಮುಗಿಯುವಷ್ಟೇ ಉದ್ದ. ಬರೆಯಬೇಕಾದದ್ದು ಇನ್ನೂ ಬಹಳವಿದೆ, ಮಸಿ ಲೇಖನಿಗಳಿಂದ ಬರೆಯಲು ಇಷ್ಟವಿಲ್ಲ, ಮುಖಾಮುಖಿ ಮಾತಾಡೋಣ ಎಂಬರ್ಥದ ಮಾತಿನಿಂದ ಬರೆದವರು ಅದನ್ನು ಮುಗಿಸುತ್ತಾರೆ. ದೈವಜ್ಞಾನಿಗಳು ಇದರಲ್ಲಿ ಅನ್ಯೋನ್ಯತೆಯ ಹಂಬಲವನ್ನು ಕಾಣುತ್ತಾರೆ. ನಮ್ಮ ನಿಯಮದ ಪ್ರಕಾರ ಅಲ್ಲಿ ಹಾಳೆ ಮುಗಿದಿತ್ತು.

ಪ್ರತಿವಾದಿಗಳು ಕೂಡಲೇ ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯನ್ನು ಮುಂದಿಡುತ್ತಾರೆ. ಹದಿನಾರು ಅಧ್ಯಾಯ, ಕೊನೆಯದರಲ್ಲಿ ಬಹುಪಾಲು ಇಂಥವರಿಗೆ ವಂದನೆ, ಅಂಥವರಿಗೆ ವಂದನೆ. ಈಗಿನ ಗುಡ್ ಮಾರ್ನಿಂಗ್ ಸಂದೇಶಗಳ ಮೂಲಪುರುಷ ಪೌಲನೇ ಎಂಬ ಆರೋಪವೂ ಇಲ್ಲಿಂದಲೇ ಹುಟ್ಟಿದ್ದು. ಆದರೆ ಆ ವಂದನೆಗಳೆಲ್ಲ ಹೆಸರು ಹಿಡಿದು ಹೇಳಿದವು. ಕೆಂಖ್ರೆಯದ ಸಭೆಯ ಫೊಯಿಬೆ ಎಂಬ ಹೆಂಗಸು ಪತ್ರ ಹೊತ್ತು ಹೋದಳೆಂದು ಬಲ್ಲವರು ಹೇಳುತ್ತಾರೆ. ಸಮುದ್ರ ದಾಟಿಸಿ ಕಳಿಸುವ ವಂದನೆಯನ್ನು ಯಾರೂ ಗುಲಾಬಿ ಹೂವಿನ ಚಿತ್ರಕ್ಕೆ ಅಂಟಿಸಿ ಊರಿಗೆಲ್ಲ ಹಂಚುವುದಿಲ್ಲ. ಇಷ್ಟಾದರೂ ಪೌಲ ಹೇಳಿದ್ದನ್ನು ಬರೆದುಕೊಂಡ ತೆರ್ತ್ಯನು ನಡುವೆ ತನ್ನದೂ ಒಂದು ವಂದನೆ ತೂರಿಸಿದ್ದಾನೆ. ಅಡ್ಮಿನ್ ಎಂಬ ವರ್ಗದ ಲಕ್ಷಣ ಎರಡು ಸಾವಿರ ವರ್ಷಗಳಿಂದ ಬದಲಾಗಿಲ್ಲ.

ನಮ್ಮ ಕರಾವಳಿಗೆ ಬರೋಣ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹೂಡಿದ್ದು 1841ರಲ್ಲಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದ. ಕನ್ನಡದ ಮೊದಲ ಪತ್ರಿಕೆ, ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರ ವರ್ತಮಾನ, ಸರಕಾರದ ಕಾನೂನು, ಹೊರದೇಶದ ಸುದ್ದಿ, ಗಾದೆ, ಕಥೆ ಎಲ್ಲವೂ ಆ ನಾಲ್ಕು ಪುಟದೊಳಗೆ ಹಿಡಿಯಬೇಕು. ಪ್ರತಿ ಅಕ್ಷರವನ್ನೂ ಕಲ್ಲಿನ ಮೇಲೆ ಮೂಡಿಸಬೇಕಾದ ಮನುಷ್ಯ ‘ಎಲ್ಲರಿಗೂ ಶುಭ ಮುಂಜಾನೆ’ ಎಂದು ಬರೆಯುವ ಮೊದಲು ಎರಡು ಸಲ ಯೋಚಿಸುತ್ತಾನೆ. ಚರ್ಚಿನ ಗಂಟೆಯಂತೂ ಇನ್ನೂ ಜಿಪುಣ. ಅದರ ಶಬ್ದಕೋಶದಲ್ಲಿರುವುದು ‘ಬನ್ನಿ’ ಮತ್ತು ‘ಯಾರೋ ತೀರಿಕೊಂಡರು’ ಎಂಬ ಎರಡೇ ವಾಕ್ಯ, ಎರಡಕ್ಕೂ ಜನ ತಪ್ಪದೆ ಬಂದರು. ಸೈಕ್ಲೋಸ್ಟೈಲ್ ಯುಗ ಮತ್ತು ಮೈಕಿನ ಯುಗಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಸಭಾ ವರದಿಗಳಲ್ಲಿ ‘ಸ್ಥಳಾಭಾವ’ ಎಂಬ ಮಾತು ಕಾಣಿಸಿಕೊಂಡದ್ದೂ ಆ ಯುಗದಲ್ಲೇ ಕೊನೆ.

ಈಗ ವರ್ತಮಾನದ ಒಂದು ಮಾದರಿ. ಹೇಳಬೇಕಾದದ್ದು ಇಷ್ಟೇ: ಬರುವ ಭಾನುವಾರ ಬೆಳೆ ಹಬ್ಬ, ಆರಾಧನೆ ಒಂಬತ್ತಕ್ಕಲ್ಲ, ಎಂಟೂವರೆಗೆ. ಸಂದೇಶ ಹೊರಟದ್ದು ಹೀಗೆ. ಮೊದಲು ಕರ್ತನ ನಾಮದಲ್ಲಿ ವಂದನೆ, ಆಮೇಲೆ ಒಂದು ಕೀರ್ತನೆಯ ವಚನ, ಕಳೆದ ವರ್ಷದ ಏಲಂ ಚೆನ್ನಾಗಿ ನಡೆದದ್ದಕ್ಕೆ ಕೃತಜ್ಞತೆ, ಈ ಸಲ ಬಾಳೆಗೊನೆ, ತೆಂಗಿನಕಾಯಿ, ಊರಕೋಳಿ ತಂದುಕೊಡುವಂತೆ ಸ್ತ್ರೀಯರ ಸಂಘದ ವಿನಂತಿ. ಇಷ್ಟು ಹೊತ್ತಿಗೆ ವಾಟ್ಸಾಪ್ ಬೇಸತ್ತು ‘ಇನ್ನಷ್ಟು ಓದಿ’ ಎಂದು ಬಾಗಿಲು ಹಾಕಿತು. ಎಂಟೂವರೆ ಇದ್ದದ್ದು ಬಾಗಿಲ ಒಳಗೆ.

ಗುಂಪಿನ ತುಂಬ ಕೈಮುಗಿದ ಚಿತ್ರ ಮತ್ತು ‘ಆಮೆನ್’. ಭಾನುವಾರ ಎಂಟೂವರೆಗೆ ಬಂದವರು ಅಯ್ಯನವರು, ಗಾಯನ ತಂಡ ಮತ್ತು ಊರಕೋಳಿ. ಒಂಬತ್ತಕ್ಕೆ ಬಂದ ಹಿರಿಯ ಮಾಹಿತಿದಾರೆಯೊಬ್ಬರನ್ನು ಅಂಗಳದಲ್ಲಿ ಸಂದರ್ಶಿಸಲಾಯಿತು.

“ಅಕ್ಕಾ, ನೀವು ಆಮೆನ್ ಹಾಕಿದ್ದಿರಲ್ಲ?”

“ಅಯ್ಯನವರು ಹಾಕಿದ್ದಾರೆ ಅಂತ ಆಮೆನ್ ಹಾಕಿದ್ದು ಮಾರಾಯ್ರೆ. ಓದಿದ್ದೇನೆ ಅಂತ ಯಾರು ಹೇಳಿದ್ದು ನಿಮಗೆ?”

ಪ್ರಬಂಧಕಾರನ ಇಡೀ ಸೈದ್ಧಾಂತಿಕ ಚೌಕಟ್ಟು ಈ ಉತ್ತರಕ್ಕೆ ಋಣಿ. ಆಮೆನ್ ಈಗ ಭಕ್ತಿಯ ಮುದ್ರೆ, ಸ್ವೀಕೃತಿ ರಸೀದಿಯಲ್ಲ. ಗಂಟೆಗೆ ಆಮೆನ್ ಹೇಳಿ ಮನೆಯಲ್ಲಿ ಕೂರುವ ಸೌಕರ್ಯ ಹಿಂದಿನವರಿಗೆ ಇರಲಿಲ್ಲ.

ಕಂಪನಿಗಳೂ ಈ ನಿಯಮವನ್ನು ಒಪ್ಪಿಕೊಂಡಿವೆ. 2018ರಲ್ಲಿ ಭಾರತದಲ್ಲಿ ವಾಟ್ಸಾಪ್ ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡುವಂತೆ ಬೇಲಿ ಹಾಕಿತು. 2020ರಲ್ಲಿ, ಬಹಳ ಸಲ ಕೈದಾಟಿದ ಸಂದೇಶಕ್ಕೆ ಒಂದೇ ಚಾಟ್ ಎಂದಿತು. ಅಡ್ಮಿನ್ ಮಾತ್ರ ಬರೆಯಬಹುದಾದ ಏರ್ಪಾಡೂ ಇದೆ. ಅದನ್ನು ಒತ್ತಿದ ಸಭೆಗಳಲ್ಲಿ ಶಾಂತಿ ನೆಲೆಸಿ, ಬಾಕಿಯವರು ಇನ್ನೊಂದು ಗುಂಪು ಮಾಡಿಕೊಂಡರು. ‘ಎಲ್ಲರಿಗೂ ಅಳಿಸು’ ಎಂಬ ಸೌಲಭ್ಯ ಪಾಪಕ್ಷಮೆಯ ಅಧ್ಯಾಯಕ್ಕೆ ಸೇರಬೇಕಾದದ್ದು: ಬರೆದದ್ದು ಅಳಿಯುತ್ತದೆ, ಅಳಿಸಿದ ಗುರುತು ಉಳಿಯುತ್ತದೆ, ಏನು ಬರೆದಿದ್ದರೆಂದು ಊರೇ ಊಹಿಸುತ್ತದೆ. ವ್ಯಾಟಿಕನ್ನಿನವರು ಜಾಣರು. ಹದಿನಾರನೆಯ ಬೆನೆಡಿಕ್ಟ್ ಪೋಪರು 2012ರ ಡಿಸೆಂಬರಿನಲ್ಲಿ ಟ್ವೀಟಿಸಲು ಆರಂಭಿಸಿದಾಗ ಮಿತಿ 140 ಅಕ್ಷರ. ಮರು ತಿಂಗಳೇ ಲ್ಯಾಟಿನ್ ಖಾತೆಯನ್ನೂ ತೆರೆದರು. ಕಡಿಮೆ ಬರೆಯುವುದು, ಅದನ್ನೂ ಕೆಲವರಿಗಷ್ಟೇ ತಿಳಿಯುವ ಭಾಷೆಯಲ್ಲಿ ಬರೆಯುವುದು. ಸಭಾ ಸಂವಹನ ಇದಕ್ಕಿಂತ ಸುರಕ್ಷಿತವಾಗಲಾರದು.

ನೇರಪ್ರಸಾರದ ಪ್ರಕರಣ ಬೇರೆ. ಅಸ್ಸೀಸಿಯ ಸಂತ ಕ್ಲಾರಾ ಕಾಯಿಲೆಯಿಂದ ಮಲಗಿದ್ದಾಗ ಕ್ರಿಸ್ಮಸ್ ಪೂಜೆಯನ್ನು ತನ್ನ ಕೋಣೆಯ ಗೋಡೆಯ ಮೇಲೆ ಕಂಡಳೆಂಬ ಐತಿಹ್ಯವಿದೆ. ಅದನ್ನೇ ನೆನೆದು ಹನ್ನೆರಡನೆಯ ಪಿಯುಸ್ ಪೋಪರು 1950ರ ದಶಕದಲ್ಲಿ ಆಕೆಯನ್ನು ಟೀವಿಯ ಪಾಲಕ ಸಂತಳೆಂದು ಸಾರಿದರು. ಡೇಟಾ ಖರ್ಚಿಲ್ಲದ, ನಡುವೆ ಸುತ್ತುವ ಚಕ್ರವಿಲ್ಲದ ಆ ಪ್ರಸಾರದ ಗುಣಮಟ್ಟವನ್ನು ನಮ್ಮ ಯಾವ ಸಭೆಯೂ ಈವರೆಗೆ ಮುಟ್ಟಿಲ್ಲ. 2020ರ ಲಾಕ್‌ಡೌನಿನಲ್ಲಿ ಸಂಗೀತ ಪುಸ್ತಕಗಳ ಅಟ್ಟಿಗೆ ಫೋನು ಒರಗಿಸಿ ಆರಂಭಿಸಿದವರು ನಾವು. ಈಸ್ಟರ್ ಪ್ರಸಂಗಕ್ಕಿಂತ ಸೀಲಿಂಗ್ ಫ್ಯಾನು ಸ್ಪಷ್ಟವಾಗಿ ಕೇಳಿಸಿತು. ಕ್ಯಾಮರಾಕ್ಕೆ ಚಂದಾ ಎತ್ತುವ ಸಮಿತಿಗಳಿಗೆ ಒಂದು ಮಾತು: ಮುಖ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಮೊದಲು ಅಯ್ಯನವರ ಕಾಲರಿಗೆ ಒಂದು ಮೈಕು ಸಿಕ್ಕಿಸಿ.

ಜೂಮ್‌ನ ಉಚಿತ ಖಾತೆಯಲ್ಲಿ ಕೂಟ ನಲವತ್ತು ನಿಮಿಷಕ್ಕೆ ಕಡಿದುಹೋಗುತ್ತದೆ. ಜಲಪ್ರಳಯದ ಮಳೆ ನಲವತ್ತು ದಿನ, ಅರಣ್ಯವಾಸ ನಲವತ್ತು ವರ್ಷ, ಯೇಸುವಿನ ಉಪವಾಸ ನಲವತ್ತು ದಿನ ಎಂಬುದನ್ನು ಬಲ್ಲ ಸಭೆ ಇದನ್ನು ಆಕಸ್ಮಿಕವೆಂದು ಒಪ್ಪಲಿಲ್ಲ. ಪ್ರಸಂಗ ಮೊಟಕಾಗಲಿ ಎಂಬ ಎಷ್ಟೋ ತಲೆಮಾರುಗಳ ಮೌನ ಪ್ರಾರ್ಥನೆಗೆ ಉತ್ತರ ಬಂದದ್ದು ಅಮೆರಿಕದ ಒಂದು ಕಂಪನಿಯ ಮೂಲಕ. ಇನ್ನು ತ್ರೋವದಲ್ಲಿ ಪೌಲನು ಮಧ್ಯರಾತ್ರಿವರೆಗೆ ಪ್ರಸಂಗಿಸಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದನಷ್ಟೆ. ಅವನನ್ನು ಎಬ್ಬಿಸಿ ಪೌಲ ಬೆಳಗಿನವರೆಗೂ ಮಾತು ಮುಂದುವರಿಸಿದ. ಯೂತಿಖ ಈಗ ಸೋಫಾದ ಮೇಲೆ ಮಲಗುತ್ತಾನೆ, ಬೀಳುವ ಭಯವಿಲ್ಲ, ವೀಕ್ಷಕರ ಲೆಕ್ಕದಲ್ಲೂ ಅವನಿದ್ದಾನೆ.

ಒಂದು ಅಪವಾದವನ್ನು ಮುಚ್ಚಿಡುವಂತಿಲ್ಲ. ಹಾಸಿಗೆ ಹಿಡಿದ ಮುದುಕರು, ದುಬೈ ಬಹರೈನ್‌ಗಳಲ್ಲಿರುವ ಮಕ್ಕಳು ಆ ಫ್ಯಾನಿನ ಸದ್ದನ್ನೂ ಕಿವಿಗೊಟ್ಟು ಕೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕೆಮ್ಮಿದವರು ಯಾರೆಂದು ಕೆಮ್ಮಿನಿಂದಲೇ ಗುರುತಿಸುತ್ತಾರೆ. ಇವರ ಮಟ್ಟಿಗೆ ನಮ್ಮ ನಿಯಮ ಅನ್ವಯಿಸುವುದಿಲ್ಲ. ಪ್ರಮೇಯ ಕೆಡುತ್ತದೆಂದು ಇವರನ್ನು ದತ್ತಾಂಶದಿಂದ ತೆಗೆದಿಡಲಾಗಿದೆ.

ಕೊನೆಯದಾಗಿ ಕಾಣಿಕೆ. ಯುವಕರ ಒತ್ತಾಯದಿಂದ ಸಭೆಯೊಂದು ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿತು. ಬ್ಯಾಂಕಿನವರು ಜೊತೆಗೆ, ಮೀನಿನಂಗಡಿಯಲ್ಲಿ ಇರುವಂಥದ್ದೇ, ಹಣ ಬಂದಾಗ ಕೂಗಿ ಹೇಳುವ ಸೌಂಡ್ ಬಾಕ್ಸನ್ನೂ ಕೊಡುವುದಾಗಿ ಹೇಳಿದರು. ಬಡ ವಿಧವೆ ಎರಡು ಕಾಸು ಹಾಕಿದ್ದನ್ನು ಯೇಸು ಎದುರಿಗೇ ಕೂತು ನೋಡಿ ಹೊಗಳಿದ್ದರಿಂದ ಸೌಂಡ್ ಬಾಕ್ಸ್ ಇರಲಿ ಎಂದು ಖಜಾಂಚಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದೂ ಆತನೇ ಹೇಳಿದ್ದರಿಂದ ಬೇಡ ಎಂದು ಹಿರಿಯರು. ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಅದು ಕೂಗಿದರೆ ಯಾರದೆಂದು ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಸ್ತ್ರೀಯರ ಸಂಘದ ಪ್ರತಿನಿಧಿ. ನೋಡಲಿ ಎಂದೇ ಅದನ್ನು ಇಡುವುದು ಎಂದು ಮತ್ತೆ ಖಜಾಂಚಿ. ಸಮಿತಿ ಚರ್ಚೆಯನ್ನು ಮುಂದಿನ ತಿಂಗಳಿಗೆ ಹಾಕಿತು. ನಿರ್ಣಯವನ್ನು ಅಂದೇ ರಾತ್ರಿ ಗುಂಪಿನಲ್ಲಿ ತಿಳಿಸಲಾಯಿತು, ‘ಇನ್ನಷ್ಟು ಓದಿ’ಯ ಕೆಳಗೆ.