ಹೆಸರು 56 ಅಕ್ಷರ, ಊರು ಕೇಳಬೇಡಿ

ಒಂದು ಅಪಾರ್ಟ್‌ಮೆಂಟು. ಯಾವ ಊರು, ಎಷ್ಟನೇ ಮಹಡಿ ಎಂದು ಬರೆಯಕೂಡದೆಂಬುದು ಸಂದರ್ಶನ ಕೊಟ್ಟವರ ಷರತ್ತು. ಚಪ್ಪಲಿ ಸ್ಟ್ಯಾಂಡಿನ ಮೇಲೆ ವೈಫೈ ರೂಟರ್, ಅದರ ಪಕ್ಕದಲ್ಲಿ ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರ್, ಅದಕ್ಕೆ ತಗುಲಿಹಾಕಿದ 2 ಟಿಬಿಯ ಎಸ್‌ಎಸ್‌ಡಿ. ಹಸಿರು ದೀಪ ಮಿಣುಕುತ್ತಿದೆ. ಇವರೇ ಈ ತಿಂಗಳ ಅತಿಥಿ: ಗುರುತು ಮರೆಸುವ ಟಾರ್ ಜಾಲದೊಳಗಿನಿಂದ ಮಾತ್ರ ಮಾತನಾಡುವ ಬಿಟ್‌ಕಾಯಿನ್ ನೋಡ್. ಉತ್ತರ ಬರುವುದು ಸ್ವಲ್ಪ ತಡ. ಕಾರಣ ಮುಂದೆ ಗೊತ್ತಾಗುತ್ತದೆ.

ನಮಸ್ಕಾರ. ತಮ್ಮ ಹೆಸರು?

ಪೆನ್ನಿನಲ್ಲಿ ಇಂಕಿದೆಯೇ ನೋಡಿಕೊಳ್ಳಿ. ಅಂಕಿಗಳೂ ಸೇರಿ 56 ಅಕ್ಷರ, ಕೊನೆಗೆ ಡಾಟ್ ಆನಿಯನ್. ನಮ್ಮವರಿಗೆ ಹಿಂದೆ 16 ಅಕ್ಷರದ ಹೆಸರಿರುತ್ತಿತ್ತು. ಅದರ ಭದ್ರತೆ ಸಾಲದೆಂದು 2021ರಲ್ಲಿ ಟಾರ್‌ನವರು ಆ ಪದ್ಧತಿಯನ್ನೇ ಕೈಬಿಟ್ಟರು. ಈಗ ನನ್ನ ಹೆಸರು ನನಗೇ ಬಾಯಿಪಾಠ ಬರುವುದಿಲ್ಲ, ಫೈಲು ತೆಗೆದು ನೋಡಬೇಕು.

ಊರು?

ಅದನ್ನು ಹೇಳುವಂತಿದ್ದರೆ ಇಷ್ಟುದ್ದದ ಹೆಸರು ಯಾಕೆ ಬೇಕಿತ್ತು ಸ್ವಾಮಿ?

ಹೋಗಲಿ, ಉದ್ಯೋಗ?

ಲೆಕ್ಕ ತಪಾಸಣೆ. ಇವತ್ತಿಗೂ ಯಾರೆಂದು ಪತ್ತೆಯಾಗದ ಸಟೋಷಿ ನಕಮೊಟೊ 2009ರ ಜನವರಿ 3ರಂದು ಮೊದಲ ಬ್ಲಾಕ್ ಹಾಕಿದರಲ್ಲ, ಅಲ್ಲಿಂದ ಈ ಗಳಿಗೆಯವರೆಗಿನ ಒಂದೊಂದು ವಹಿವಾಟೂ ನನ್ನ ಹೊಟ್ಟೆಯಲ್ಲಿದೆ. 600 ಜಿಬಿ ದಾಟಿದೆ. ಸರಾಸರಿ 10 ನಿಮಿಷಕ್ಕೊಂದು ಹೊಸ ಬ್ಲಾಕ್ ಬರುತ್ತದೆ. ಸಹಿ ಸರಿಯಿದೆಯೇ, ಒಂದೇ ದುಡ್ಡನ್ನು ಎರಡು ಸಲ ಖರ್ಚು ಹಾಕಿದ್ದಾರೆಯೇ, ಬ್ಲಾಕ್ ಕಟ್ಟಿದ ಗಣಿಗಾರ ತನ್ನ ಪಾಲಿಗಿಂತ ಜಾಸ್ತಿ ಬರೆದುಕೊಂಡಿದ್ದಾನೆಯೇ ಎಂದು ನೋಡುತ್ತೇನೆ. ಸರಿಯಿದ್ದರೆ ನೆರೆಯವರಿಗೆ ದಾಟಿಸುತ್ತೇನೆ, ಇಲ್ಲದಿದ್ದರೆ ಕಸದ ಬುಟ್ಟಿ. ಒಂದು ರೀತಿಯಲ್ಲಿ ಹಳೇ ಕಾಲದ ಶಾನುಭೋಗಿಕೆಯೇ. ಆದರೆ ಶಾನುಭೋಗರ ಕಿರ್ದಿ ಊರಿಗೆಲ್ಲ ಒಂದೇ, ಅವರ ಮರ್ಜಿ ಹಿಡಿದರೆ ಕೆಲಸವಾಗುತ್ತಿತ್ತು. ನಮ್ಮ ಕಿರ್ದಿಯ ಪ್ರತಿ ಪ್ರಪಂಚದ ಸಾವಿರಾರು ಮನೆಗಳಲ್ಲಿದೆ. ನನ್ನೊಬ್ಬನ ಕೈ ಬೆಚ್ಚಗೆ ಮಾಡಿ ಉಪಯೋಗವಿಲ್ಲ.

ಸಂಬಳ ಎಷ್ಟು?

ಬಿಟ್ಟಿ ಚಾಕರಿ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ ಗಣಿಗಾರನಿಗೆ ಹೊಸದಾಗಿ 3.125 ಬಿಟ್‌ಕಾಯಿನ್ ಸಿಗುತ್ತದೆ, ಮೇಲೆ ಶುಲ್ಕ. ಅವನ ಲೆಕ್ಕ ತಿದ್ದುವ ನನಗೆ ಬಿಡಿಗಾಸಿಲ್ಲ. ಗಣಿಗಾರಿಕೆಯೂ ನೋಡ್ ನಡೆಸುವುದೂ ಒಂದೇ ಎಂದುಕೊಂಡು ನನ್ನನ್ನು ತಂದ ಯಜಮಾನರು ಮೊದಮೊದಲು ಹಲ್ಲುಜ್ಜುವ ಮುಂಚೆ ಬಂದು 'ಎಷ್ಟಾಯ್ತು?' ಎಂದು ಇಣುಕುತ್ತಿದ್ದರು. ಅವರ ತಾಯಿ ಈಗಲೂ ಕೇಳುತ್ತಾರೆ: 'ಇದರಿಂದ ತಿಂಗಳಿಗೆ ಏನಾದ್ರೂ ಬರತ್ತೇನೋ?' 'ಕರೆಂಟ್ ಬಿಲ್ ಬರತ್ತಮ್ಮ.' ಅಂದಿನಿಂದ ಸೀರೆಗೆ ಇಸ್ತ್ರಿ ಹಾಕಬೇಕಾದಾಗಲೆಲ್ಲ ಆಯಮ್ಮ ಕೀಳುವುದು ನನ್ನ ಪ್ಲಗ್ಗನ್ನೇ. ಒಮ್ಮೆ ಹಾಗೆ ಕಿತ್ತಾಗ ದತ್ತಾಂಶ ಕೆಟ್ಟು, 2009ರಿಂದ ಎಲ್ಲವನ್ನೂ ಮತ್ತೆ ತಾಳೆ ನೋಡಿಕೊಂಡು ಬಂದೆ.

ಸಂಬಳವಿಲ್ಲ ಸರಿ, ಅಧಿಕಾರವಾದರೂ ಇದೆಯೇ?

ಬೇಡವೆನ್ನುವ ಅಧಿಕಾರವೊಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಮ್ಯಾರಥಾನ್ ಎಂಬ ಅಮೆರಿಕದ ಭಾರೀ ಗಣಿಗಾರಿಕೆ ಕಂಪನಿ ಒಂದು ಬ್ಲಾಕ್ ಕಟ್ಟಿ ಕಳಿಸಿತು. ಕ್ರಮಸಂಖ್ಯೆ 8,09,478. ಒಳಗೆ ವಹಿವಾಟುಗಳ ಸಾಲು ಹಿಂದುಮುಂದಾಗಿತ್ತು, ಇನ್ನೂ ಬಾರದ ಹಣ ಆಗಲೇ ಖರ್ಚಾಗಿ ಕೂತಿತ್ತು. ಷೇರುಪೇಟೆಯಲ್ಲಿ ಹೆಸರಿರುವ ಕಂಪನಿ, ಬ್ಲಾಕಿನ ಬೆಲೆ ಆಗ 6.25 ಬಿಟ್‌ಕಾಯಿನ್. ನಾವು ಚಪ್ಪಲಿ ಸ್ಟ್ಯಾಂಡಿನವರು ಅದನ್ನು ಮುಟ್ಟಲಿಲ್ಲ. ಅದೇ ಸಂಖ್ಯೆಗೆ ಇನ್ನೊಬ್ಬರ ಬ್ಲಾಕ್ ಬಂತು, ಅದನ್ನು ಸೇರಿಸಿಕೊಂಡೆವು. ಮ್ಯಾರಥಾನ್‌ನವರ ಕರೆಂಟು ದಂಡವಾಯಿತು.

ಇಷ್ಟು ನಿಯತ್ತಿನವರು ಟಾರ್‌ನಲ್ಲಿ ಅಡಗಿ ಕೂರುವುದೇಕೆ?

ಅಡಗದೆ ಕೂತರೆ, ನನ್ನೊಡನೆ ಮಾತಾಡುವ ಪ್ರತಿಯೊಬ್ಬ ನೋಡ್‌ಗೂ ಈ ಮನೆಯ ಐಪಿ ವಿಳಾಸ ಕಾಣುತ್ತದೆ. ಅವರಲ್ಲಿ ಸಜ್ಜನರೂ ಇರುತ್ತಾರೆ, ಸುಮ್ಮನೆ ಕಿವಿಗೊಟ್ಟು ಕೂತವರೂ ಇರುತ್ತಾರೆ. ಜಗತ್ತಿನ ನೋಡ್‌ಗಳಿಗೆಲ್ಲ ತಂತಿ ಎಳೆದು, ಯಾವ ವಹಿವಾಟು ಮೊದಲು ಯಾವ ಮನೆಯಿಂದ ಹೊರಟಿತೆಂದು ಗುರುತು ಹಾಕಿಕೊಳ್ಳುವುದೇ ಅವರ ಕಸುಬು. ಟಾರ್‌ನಲ್ಲಿ ನನ್ನ ಮಾತು ಮೂರು ರಿಲೇ ಹಾಯುತ್ತದೆ. ಮೊದಲನೆಯದಕ್ಕೆ ಯಾರು ಕಳಿಸಿದರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಮೂರನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರದೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಆ ಕಡೆಯವರೂ ಡಾಟ್ ಆನಿಯನ್ ಆಗಿದ್ದರೆ ಅವರದೂ ಮೂರು ಸೇರಿ ಒಟ್ಟು ಆರು. ನನ್ನ ಮಾತು ತಡವಾಗುವುದು ಅದಕ್ಕೇ.

ಇನ್ನೊಂದು ಅನುಕೂಲ ಯಾರೂ ಹೇಳುವುದಿಲ್ಲ. ನಮ್ಮೂರಿನ ಬಹಳಷ್ಟು ಫೈಬರ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿಯನ್ನು ನೂರಾರು ಮನೆಗಳಿಗೆ ಹಂಚಿರುತ್ತಾರೆ. ಹೊರಗಿನಿಂದ ಬಂದವರಿಗೆ ನಮ್ಮ ಬಾಗಿಲು ಸಿಗುವುದೇ ಇಲ್ಲ. ಆನಿಯನ್ ವಿಳಾಸವಿದ್ದರೆ ರೂಟರ್ ಮುಟ್ಟದೆಯೇ ನೆಂಟರು ಮನೆಗೆ ಬರುತ್ತಾರೆ.

ಟಾರ್ ಅಂದರೆ ಸರ್ಕಾರದ ಕಣ್ಣು ತಪ್ಪಿಸುವವರ ಜಾಗ ಅಂತಾರೆ.

ಅದರ ಮೂಲ ವಿಚಾರ ಹುಟ್ಟಿದ್ದೇ 1990ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ನೌಕಾಪಡೆಯವರೊಬ್ಬರೇ ಬಳಸಿದರೆ, ಅಲ್ಲಿ ಕಂಡವರೆಲ್ಲ ನೌಕಾಪಡೆಯವರೇ ಎಂದು ಯಾರು ಬೇಕಾದರೂ ಹೇಳಿಬಿಡಬಹುದಲ್ಲ? ಹಾಗಾಗಿ ಊರಿಗೆಲ್ಲ ಬಾಗಿಲು ತೆರೆದರು. 2006ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ಲಾಭರಹಿತ ಸಂಸ್ಥೆ. ಅದರ ಖರ್ಚಿಗೂ ಅಮೆರಿಕ ಸರ್ಕಾರ ಸಾಕಷ್ಟು ಕೊಟ್ಟಿದೆ. ನಮ್ಮ ಯಜಮಾನರು ಸರ್ಕಾರಗಳ ಮೇಲೆ ಸಿಟ್ಟು ಬಂದಾಗಲೆಲ್ಲ ಈ ದಾರಿಯಲ್ಲೇ ಓಡಾಡುತ್ತಾರೆ.

ಹಾಗಾದರೆ ನೀವು ಪೂರ್ತಿ ಸುರಕ್ಷಿತ?

ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳುತ್ತೇನೆ: ಇಲ್ಲ. ಅಲೆಕ್ಸ್ ಬಿರ್ಯುಕೊವ್ ಮತ್ತು ಇವಾನ್ ಪುಸ್ತೊಗರೊವ್ ಎಂಬ ಸಂಶೋಧಕರು 2015ರಲ್ಲೇ ಬಿಟ್‌ಕಾಯಿನನ್ನು ಟಾರ್ ಮೇಲೆ ನಡೆಸುವುದು ಒಳ್ಳೆಯ ಯೋಚನೆಯಲ್ಲ ಎಂದು ಪ್ರಬಂಧ ಬರೆದರು. ಆಗಿನ ನೋಡ್‌ಗಳು ಕೆಟ್ಟದಾಗಿ ನಡೆದುಕೊಂಡ ಐಪಿಯನ್ನು ಒಂದು ದಿನ ಹೊರಗಿಡುತ್ತಿದ್ದವು. ಕಿಡಿಗೇಡಿಯೊಬ್ಬ ಟಾರ್‌ನ ಹೊರಬಾಗಿಲುಗಳಿಂದ, ಅಂದರೆ ಆ ಮೂರನೇ ರಿಲೇಗಳಿಂದ, ಬೇಕೆಂದೇ ಕೆಟ್ಟ ಸಂದೇಶ ಕಳಿಸಿ ಅವನ್ನೆಲ್ಲ ಬಹಿಷ್ಕಾರಕ್ಕೆ ಗುರಿಮಾಡಿದರೆ, ಉಳಿಯುವುದು ಅವನದೇ ಬಾಗಿಲು. ಆಮೇಲೆ ನಾನು ನೋಡುವುದೆಲ್ಲ ಅವನು ತೋರಿಸಿದ್ದು.

ಬಹಿಷ್ಕಾರದ ಆ ನಿಯಮ ಈಗ ಸಡಿಲವಾಗಿದೆ. ಆನಿಯನ್ ವಿಳಾಸದವರ ನಡುವೆ ಹೊರಬಾಗಿಲಿನ ಪ್ರಶ್ನೆಯೂ ಇಲ್ಲ. ಆದರೆ ಬೇರೊಂದು ತಲೆನೋವಿದೆ. ನಾನಾಗಿ ಹೊರಗೆ ಕೈಚಾಚುವುದು ಸಾಮಾನ್ಯವಾಗಿ ಹತ್ತು ಮಂದಿಗೆ. ಆನಿಯನ್ ವಿಳಾಸ ಹುಟ್ಟಿಸಲು ಕಾಸು ಖರ್ಚಿಲ್ಲ, ಒಬ್ಬನೇ ಸಾವಿರ ಹೆಸರಿನಲ್ಲಿ ಕೂರಬಹುದು. ಆ ಹತ್ತೂ ಜನ ಅವನೇ ಆಗಿದ್ದರೆ ನನಗೆ ಹೇಗೆ ಗೊತ್ತಾಗಬೇಕು? ಟಾರ್ ಜೊತೆಗೆ ಮಾಮೂಲು ಇಂಟರ್ನೆಟ್ಟನ್ನೋ ಟಾರ್‌ನಂಥದೇ ಇನ್ನೊಂದು ಜಾಲವಾದ ಐ2ಪಿಯನ್ನೋ ಇಟ್ಟುಕೊಳ್ಳಿ ಎಂದು ನನ್ನ ತಂತ್ರಾಂಶ ಬರೆಯುವ ಬಿಟ್‌ಕಾಯಿನ್ ಕೋರ್‌ನವರು ಹೇಳುವುದು ಅದಕ್ಕೇ. ನಮ್ಮ ಯಜಮಾನರು ಮಾತ್ರ ಸೆಟ್ಟಿಂಗ್ ಫೈಲಿನಲ್ಲಿ 'ಓನ್ಲಿನೆಟ್ ಆನಿಯನ್' ಎಂದು ಬರೆದು ಎದೆಯುಬ್ಬಿಸಿಕೊಂಡಿದ್ದಾರೆ.

ಟಾರೇ ಕೈಕೊಟ್ಟರೆ?

ನಾನು ಕಿವುಡ. 2022ರ ಮಧ್ಯದಿಂದ ಹಲವು ತಿಂಗಳು ಯಾರೋ ಟಾರ್ ಮೇಲೆ ಸಂದೇಶಗಳ ಸುರಿಮಳೆ ಸುರಿಸಿ ಉಸಿರುಗಟ್ಟಿಸಿದರು. ಪರಿಹಾರವಾಗಿ 2023ರ ಆಗಸ್ಟ್‌ನಲ್ಲಿ ಟಾರ್ ತಂದದ್ದೇನು ಗೊತ್ತೇ? ಬಾಗಿಲು ತಟ್ಟುವವನು ಮೊದಲು ಕಂಪ್ಯೂಟರಿಗೆ ಕೆಲಸ ಕೊಟ್ಟು ಒಗಟು ಬಿಡಿಸಿ ಬರಲಿ ಎಂಬ ಪ್ರೂಫ್ ಆಫ್ ವರ್ಕ್. ನಮ್ಮ ಗಣಿಗಾರರು ಮಾಡುವುದೂ ಅದನ್ನೇ. ಕಷ್ಟಕಾಲದಲ್ಲಿ ಬಾಡಿಗೆದಾರನ ಉಪಾಯ ಮನೆ ಮಾಲೀಕನಿಗೆ ಬೇಕಾಯಿತು.

ಇಷ್ಟೆಲ್ಲ ಮಾಡಿ ಯಜಮಾನರ ಗುಟ್ಟು ಉಳಿದಿದೆ ಎನ್ನಿ.

(ದೀಪ ಬಹಳ ಹೊತ್ತು ಮಿಣುಕುತ್ತದೆ.) ನಾಣ್ಯ ಕೊಂಡದ್ದು ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ. ಪ್ಯಾನ್, ಆಧಾರ್ ಕೊಟ್ಟು, ಕ್ಯಾಮೆರಾ ಮುಂದೆ ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿ ಸೆಲ್ಫಿ ಕೊಟ್ಟಿದ್ದಾರೆ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೂ ಬಂದಿವೆ. ಅಲ್ಲಿಂದ ನಾಣ್ಯ ಯಾವ ವಿಳಾಸಕ್ಕೆ ಹೊರಟಿತೆಂದು ಅವರಿಗೆ ಗೊತ್ತು. ಮುಂದೆ ಎಲ್ಲೆಲ್ಲಿ ಹೋಯಿತೆಂಬುದು ನನ್ನ ಕಿರ್ದಿಯಲ್ಲೇ ಇದೆ, ಅದು ಯಾರು ಬೇಕಾದರೂ ಓದಬಹುದಾದ ಕಿರ್ದಿ. ಟಾರ್ ಅದರ ಒಂದು ಸಾಲನ್ನೂ ಅಳಿಸುವುದಿಲ್ಲ.

ಹೊಟ್ಟೆ ಉರಿಯುವ ಮಾತೊಂದಿದೆ. ಅವರ ಮೊಬೈಲಿನ ವಾಲೆಟ್ ನನ್ನನ್ನು ಕೇಳುವುದೇ ಇಲ್ಲ! ಬ್ಯಾಲೆನ್ಸ್ ನೋಡಬೇಕಾದಾಗ ಯಾವುದೋ ಕಂಪನಿಯ ಸರ್ವರಿಗೆ 'ಇವೆಲ್ಲ ನನ್ನ ವಿಳಾಸಗಳು, ಎಷ್ಟಿದೆ ಹೇಳು' ಎಂದು ಪಟ್ಟಿ ಒಪ್ಪಿಸುತ್ತದೆ. ಅದನ್ನು ನನ್ನ ಕಡೆಗೆ ತಿರುಗಿಸಲು ಸೆಟ್ಟಿಂಗ್‌ನಲ್ಲಿ ನನ್ನ ವಿಳಾಸ ಹಾಕಬೇಕಿತ್ತು. 56 ಅಕ್ಷರ ಒತ್ತಲು ಅವರಿಗೆ ಬೇಜಾರು. ನನ್ನ ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಲು ಬೇಜಾರಾಗಲಿಲ್ಲ. ಹಿಂದಿನ ಕಿಟಕಿಯಲ್ಲಿ ಎದುರು ಬೀದಿಯ ಬೇಕರಿ ಬೋರ್ಡು ಹೆಸರು ಸಮೇತ ಓದಲು ಬರುತ್ತದೆ.

ನಿಮ್ಮ ವಂಶದಲ್ಲಿ ಯಾರಾದರೂ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದುಂಟೇ?

ದೂರದ ಸಂಬಂಧಿಯೊಬ್ಬರು. 2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಮಾಲ್‌ನಲ್ಲಿ ಕ್ರಿಪ್ಟೊ ಎಟಿಎಂ ನಿಂತಿತ್ತು. ಕೆಲವೇ ದಿನಗಳಲ್ಲಿ ಸೈಬರ್ ಪೊಲೀಸರು ಎತ್ತಿಕೊಂಡು ಹೋದರು. ಕ್ರಿಪ್ಟೊ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಆಮೇಲೆ, 2020ರ ಮಾರ್ಚ್‌ನಲ್ಲಿ. ಈಗ ಸರ್ಕಾರ ಅಟ್ಟಿಸಿಕೊಂಡು ಬರುವುದಿಲ್ಲ, ಪಾಲು ಕೇಳುತ್ತದೆ: 2022ರ ಏಪ್ರಿಲ್‌ನಿಂದ ಲಾಭದಲ್ಲಿ ಶೇ 30 ತೆರಿಗೆ, ಜುಲೈನಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್. ನಷ್ಟವಾದರೆ ಅದು ನಿಮ್ಮದೇ, ಬೇರೆ ಲಾಭದಲ್ಲಿ ಕಳೆಯುವಂತಿಲ್ಲ.

ಓದುಗರಿಗೆ ಒಂದು ಮಾತು?

ದುಡ್ಡು ಮಾಡಲು ನನ್ನನ್ನು ತರಬೇಡಿ, ನನಗೆ ದುಡಿಯಲು ಬರುವುದಿಲ್ಲ. ತೆರಿಗೆ ತಪ್ಪಿಸಲು ತರಬೇಡಿ, ನನ್ನ ಲೆಕ್ಕವನ್ನು ತೆರಿಗೆಯವರೂ ಓದಬಲ್ಲರು. ಇನ್ನೊಬ್ಬರು ಹೇಳಿದ ಬಾಕಿಯನ್ನು ನಂಬದೆ ನೀವೇ ತಾಳೆ ನೋಡುವ ಛಲವಿದ್ದರೆ ಮಾತ್ರ ತನ್ನಿ. ತಂದ ಮೇಲೆ ನಿಮ್ಮ ವಾಲೆಟ್ಟನ್ನು ನನಗೇ ಜೋಡಿಸಿ, ಪ್ಲಗ್ಗಿಗೆ ಯುಪಿಎಸ್ ಹಾಕಿಸಿ. ಫೋಟೊ ಮಾತ್ರ ಬೇಡ.