ಜೇಬಿಗೊಂದು ಕ್ಯಾಮೆರಾ

ಸದಾ ಜೇಬಿನಲ್ಲಿರುವಂಥ ಪುಟ್ಟ ಕ್ಯಾಮೆರಾ ಕೊಳ್ಳಲು ಹೊರಟು ಮೂರು ತಿಂಗಳಾಯಿತು. ಅಷ್ಟರಲ್ಲಿ ಮಗಳಿಗೆ ಗಂಡು ನೋಡಿ ಮದುವೆಯನ್ನೇ ಮುಗಿಸಬಹುದಿತ್ತು. ಮೊದಲು ಮನಸೋತದ್ದು ‘1 ಇಂಚಿನ ಸೆನ್ಸರ್’ಗೆ. ವಿವರ ನೋಡಿದರೆ ಅಗಲ 13.2, ಎತ್ತರ 8.8 ಮಿಲಿಮೀಟರ್! ಮೂಲೆಯಿಂದ ಮೂಲೆಗೆ ಅಳೆದರೂ 16 ದಾಟದು. ಇಂಚೆಂದರೆ 25.4 ಅಲ್ಲವೇ? ಹಳೇ ಕಾಲದ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯ ಲೆಕ್ಕ ಇನ್ನೂ ನಡೆದುಬಂದಿದೆಯಂತೆ. ಸಿಪ್ಪೆ ಸಮೇತ ತೂಗಿದ ಹಲಸಿನ ಹಣ್ಣಿನ ಹಾಗೆ!

ಹೋಗಲಿ, ರಿಕೋ ಜಿಆರ್ 3 ಆದೀತು ಎಂದುಕೊಂಡೆ. ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ. ನನ್ನ ಅಂಗಿಯ ಜೇಬು ತಡೆದೀತೇ? ಅಡುಗೆಮನೆಯಿಂದ ಕಾಲು ಕೆಜಿ ತೊಗರಿಬೇಳೆ ಪೊಟ್ಟಣ ತಂದು ಜೇಬಿಗಿಳಿಸಿ, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ. ಪೊಟ್ಟಣ ಜಾರಿತು, ಬೇಳೆ ವರಾಂಡದ ತುಂಬ.

“ಏನ್ರೀ ಇದು?”

“ಕ್ಯಾಮೆರಾ ಟೆಸ್ಟು ಕಣೇ.”

ಹೆಂಡತಿ ಮರುಮಾತಾಡದೆ ಫೋನು ತೆಗೆದಳು. ಮಂಡಿಯೂರಿ ಬೇಳೆ ಬಳಿಯುತ್ತಿದ್ದ ನನ್ನ ಫೋಟೋ ಮರುಕ್ಷಣವೇ ಫ್ಯಾಮಿಲಿ ಗ್ರೂಪಿನಲ್ಲಿತ್ತು. ಚೆನ್ನಾಗಿಯೇ ಬಂದಿದೆ: ಒಂದೊಂದು ಬೇಳೆಯೂ ಸ್ಪಷ್ಟ, ನನ್ನ ಬೋಳುತಲೆಯಂತೂ ಫಳಫಳ. ಸೆನ್ಸರ್ ಎಷ್ಟು ಇಂಚಿನದೆಂದು ಮಾತ್ರ ಒಬ್ಬರೂ ಕೇಳಲಿಲ್ಲ.