ಕಣ್ಣು, ಕಿವಿ, ಮೂಗು, ಬಾಯಿ ಬಿಟ್ಟು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಅದರ ಆ ಕಡೆ ಒಂದು ಕರಿಬೇವಿನ ಗಿಡ. ಬುಡ ಅವರದು, ಕೊಂಬೆ ಹೆಚ್ಚಾಗಿ ನಮ್ಮದು. ಕಿತ್ತುಕೊಳ್ಳುವ ಮೊದಲು ಒಂದು ಮಾತು ಕೇಳುವುದು ಮರ್ಯಾದೆ ಅಂತ ಮೊದಮೊದಲು ಕೇಳುತ್ತಿದ್ದೆ. ಈಗ ಕೇಳುವುದು ಬಿಟ್ಟುಹೋಗಿದೆ, ಮಾತು ಉಳಿದುಕೊಂಡಿದೆ.

ಆ ಮನೆಯವರು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಇಡೀ ಬೀದಿ ಅವರನ್ನು ‘ಸಿಸ್ಟರ್’ ಅನ್ನುತ್ತದೆ, ಅವರ ಯಜಮಾನರನ್ನೂ ಸೇರಿಸಿಕೊಂಡು. ನಾನು ಮೇಷ್ಟ್ರು. ಮೈಸೂರಿನ ಈ ಬಡಾವಣೆಯಲ್ಲಿ ನಿವೃತ್ತರ ಸಂಖ್ಯೆ ಗಿಡಗಳಿಗಿಂತ ಹೆಚ್ಚು. ಹಾಗಾಗಿ ಇಲ್ಲಿ ಒಂದು ಮಗು ಹುಟ್ಟಿತೆಂದರೆ ಸಲಹೆಗಳಿಗೆ ಬರವಿಲ್ಲ.

ಮಗಳು ಬಾಣಂತನಕ್ಕೆ ಬಂದಳು. ಮಗು ನೋಡಲು ಬಂದವರೆಲ್ಲ ಒಂದು ಫ್ರಾಕು, ಒಂದು ಸಲಹೆ ಎರಡನ್ನೂ ತಂದರು. ಫ್ರಾಕು ಒಂದೂ ಅಳತೆಗೆ ಕೂರಲಿಲ್ಲ. ಸಲಹೆಗಳ ಗತಿಯೂ ಅದೇ ಆಗುವುದರಲ್ಲಿತ್ತು, ಅಷ್ಟರಲ್ಲಿ ನಮ್ಮ ದೊಡ್ಡತ್ತೆ ಉಂಗುರವನ್ನು ಜೇನಿಗೆ ಅದ್ದಿಕೊಂಡು ತೊಟ್ಟಿಲ ಹತ್ತಿರ ಬಂದುಬಿಟ್ಟರು. ಆಗಲೇ ಮಗಳು ಶಾಸನ ಹೊರಡಿಸಿದ್ದು: “ಕಣ್ಣು, ಕಿವಿ, ಮೂಗು, ಬಾಯಿ ಬಿಟ್ಟು ಮಗುವಿನ ಮಿಕ್ಕಿದ್ದೆಲ್ಲ ನಿಮ್ಮದು. ಎಣ್ಣೆ ಹಚ್ಚಿ, ನೀರು ಹಾಕಿ, ಎತ್ತಿ ಆಡಿಸಿ, ದೃಷ್ಟಿ ತೆಗೆಯಿರಿ. ಆ ನಾಲ್ಕರೊಳಗೆ ಏನು ಹೋಗಬೇಕಾದರೂ ನನ್ನನ್ನು ಕೇಳಬೇಕು.”

ಮೇಷ್ಟ್ರಾಗಿದ್ದಾಗ ನಾನು ಹೊರಡಿಸಿದ ಯಾವ ಸುತ್ತೋಲೆಯೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಆದರೂ ದೊಡ್ಡತ್ತೆಯ ಮುಖ ನೋಡಿ ಬೇಸರವಾಗಿ ಗೋಡೆಯ ಬಳಿ ಹೋದೆ.

“ಜೇನಲ್ಲಿ ಏನ್ರೀ ತಪ್ಪು ಸಿಸ್ಟರ್? ಕೊಡಗಿನದು, ಬಹಳ ಶುದ್ಧ.”

“ಶುದ್ಧವಾಗಿದ್ರೂ ಅಷ್ಟೇ ಮೇಷ್ಟ್ರೇ. ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾದ ಬೀಜಾಣು ಜೇನಲ್ಲಿ ಸೇರ್ಕೊಂಡಿರಬಹುದು. ನಿಮ್ಮ ಕರುಳು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಎಳೇ ಕರುಳಲ್ಲಿ ಅದು ಮೊಳೆತು ವಿಷ ಮಾಡುತ್ತೆ. ಬಾಟ್ಯುಲಿಸಂ ಅಂತಾರೆ. ಮಗು ಸೋತ ಹಾಗಾಗುತ್ತೆ, ಹಾಲು ಚೀಪಕ್ಕೂ ಶಕ್ತಿ ಇರಲ್ಲ. ಅಪರೂಪ ನಿಜ. ಆದ್ರೆ ವರ್ಷ ತುಂಬೋವರೆಗೆ ಜೇನು ಬೇಡ ಅಂದ್ರೆ ಯಾರಿಗೇನು ನಷ್ಟ?” ಆಮೇಲೆ ತಾವೇ ಸೇರಿಸಿದರು: “ನಮ್ಮ ವಾರ್ಡಲ್ಲಿ ಜೇನಿಗಿಂತ ದೊಡ್ಡ ಜಗಳ ಮೊದಲ ಹಾಲಿಂದಾಗಿತ್ತು. ಆ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸೋರು, ಬದಲಿಗೆ ಸಕ್ಕರೆ ನೀರು ಹಾಕೋರು. ರೋಗ ತಡೆಯೋ ಶಕ್ತಿಯೆಲ್ಲ ಇರೋದೇ ಅದ್ರಲ್ಲಿ! ನಾನು ಬಚ್ಚಲ ಬಾಗಿಲಲ್ಲಿ ಪೊಲೀಸಿನ ಹಾಗೆ ನಿಂತಿರ್ತಿದ್ದೆ.”

ಶಾಸನ ಜಾರಿಯಾದ ಮೇಲೆ ಅದರಲ್ಲಿ ಸಂದು ಹುಡುಕುವುದು ಸಹಜ. ನಮ್ಮನೆಯವಳು ಅಟ್ಟದಿಂದ ಸಾಣೆಕಲ್ಲು ಇಳಿಸಿದ್ದಳು. ಬಜೆ, ಅಳಲೆಕಾಯಿ, ಜಾಯಿಕಾಯಿ ಒಂದೊಂದು ಸುತ್ತು ತೇದು ನಾಲಿಗೆಗೆ ಸವರುವುದು ಅವಳ ತಾಯಿಯ ಕಾಲದಿಂದ ಬಂದ ಪದ್ಧತಿ. ಬಾಯಿ ನಿಷಿದ್ಧವಾದ್ದರಿಂದ ಬಜೆಯ ಚೂರುಗಳನ್ನು ಪೋಣಿಸಿ ಬಳೆ ಮಾಡಿ ಮುಂಗೈಗೆ ಕಟ್ಟಿದಳು. ಕೈ ಅಂದರೆ ಹೊರಗಿನ ಅಂಗ, ಶಾಸನದ ವ್ಯಾಪ್ತಿಗೆ ಬರುವುದಿಲ್ಲ ಎಂಬ ವಾದ. ಆಗ ಮಗುವಿಗೆ ಮೂರು ತಿಂಗಳು, ತನಗೆ ಕೈ ಇದೆ ಎಂದು ಆಗಷ್ಟೇ ಗೊತ್ತಾಗುವ ವಯಸ್ಸು. ಅರ್ಧ ಗಂಟೆಯೊಳಗೆ ಕೈ, ಬಳೆ, ಬಜೆ ಎಲ್ಲ ಬಾಯಿಯೊಳಗಿತ್ತು. ಮಗಳು ಏನೂ ಹೇಳದೆ ಕತ್ತರಿ ತಂದಳು. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಹೆಚ್ಚಾದರೆ ವಾಂತಿ ನಿಲ್ಲುವುದೇ ಇಲ್ಲವಂತೆ. ತೇಯುವ ಕೈಗೆ ಒಂದು ಸುತ್ತು ಎಷ್ಟು, ಎರಡು ಸುತ್ತು ಎಷ್ಟು ಎಂಬ ಅಳತೆಯಾದರೂ ಎಲ್ಲಿರುತ್ತದೆ?

ಗ್ರೈಪ್ ವಾಟರ್ ಬಗ್ಗೆ ಮಾತ್ರ ನನಗೆ ಸ್ವಂತ ಮಮಕಾರವಿತ್ತು. ನಾನು ಅದನ್ನು ಕುಡಿದು ಬೆಳೆದವನು, ನನ್ನ ಮಗಳೂ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ತಯಾರಿಸಿದ ಈ ನೀರು ನಮ್ಮ ಮನೆಗಳಲ್ಲಿ ಅರಿಶಿನದಷ್ಟೇ ಸನಾತನವಾಗಿಬಿಟ್ಟಿದೆ. ಅದರ ಹಳೆಯ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆ ಮದ್ಯಸಾರವೂ ಇತ್ತು, ಆಮೇಲಾಮೇಲೆ ಅದನ್ನು ತೆಗೆದರು. ಸಿಸ್ಟರ್ ನಕ್ಕರು: “ಮಕ್ಕಳು ಅಳು ನಿಲ್ಲಿಸ್ತಿದ್ದದ್ದು ಹೊಟ್ಟೆನೋವು ಹೋಗಿ ಅಂದ್ಕೊಂಡ್ರಾ?” ಒಳಗಿನಿಂದ ನಮ್ಮನೆಯವಳ ದನಿ ಬಂತು: “ಇವರು ಈಗ್ಲೂ ಊಟ ಆದ ತಕ್ಷಣ ತೂಕಡಿಸೋದು ಅದಕ್ಕೇ.”

ತೂಕಡಿಕೆಯ ವಿಷಯ ಬಂತಲ್ಲ, ನಿದ್ದೆಯ ಲೆಕ್ಕ ನನಗೆ ಬಹಳ ದಿನ ಹೊಂದಲಿಲ್ಲ. ಹುಟ್ಟಿದ ಮಗು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ಮಲಗುತ್ತದೆ ಎನ್ನುತ್ತಾರೆ. ನಮ್ಮದೂ ಮಲಗುತ್ತಿತ್ತು. ಹಾಗಿದ್ದ ಮೇಲೆ ಮನೆಯಲ್ಲಿ ನಾಲ್ಕು ಜನ ದೊಡ್ಡವರಿಗೆ ನಿದ್ದೆ ಯಾಕಿಲ್ಲ? ಸಿಸ್ಟರ್ ಬಿಡಿಸಿ ಹೇಳಿದರು. ಒಟ್ಟು ಮೊತ್ತ ಸರಿ, ಆದರೆ ಚಿಲ್ಲರೆಯಲ್ಲಿ ಬರುತ್ತದೆ. ಎರಡು ಮೂರು ತಿಂಗಳವರೆಗೆ ಮಗುವಿಗೆ ಹಗಲು ಯಾವುದು ರಾತ್ರಿ ಯಾವುದು ಎಂಬ ಒಳಗಿನ ಗಡಿಯಾರ ಕೂತಿರುವುದಿಲ್ಲ. ಮಲಗಿದ ಹೊತ್ತಿನಲ್ಲೂ ಸುಮಾರು ಅರ್ಧ ಚುರುಕು ನಿದ್ದೆ: ನಗುವುದು, ಮುಖ ಕಿವಿಚುವುದು, ಕುಂಯ್ ಅನ್ನುವುದು ಎಲ್ಲ ಅದರಲ್ಲೇ. ಎದ್ದಿತೆಂದು ನಾವು ಧಡಕ್ಕನೆ ಎತ್ತಿಕೊಂಡು ನಿಜವಾಗಿಯೂ ಎಬ್ಬಿಸುತ್ತೇವೆ. “ಹಗಲು ಪರದೆ ತೆಗೀರಿ, ರಾತ್ರಿ ದೀಪ ಆರಿಸಿ. ಗಡಿಯಾರಕ್ಕೆ ಕೀಲಿ ಕೊಡೋದು ಬೆಳಕು,” ಅಂದರು. ಬಾಣಂತಿ ಕೋಣೆಯ ಪರದೆ ತೆಗೆಸುವುದಕ್ಕೆ ನನಗೆ ಹತ್ತು ದಿನ ಹಿಡಿಯಿತು. ಗಾಳಿ, ದೃಷ್ಟಿ, ಶೀತ ಎಂಬ ಮೂರು ಮೇಲ್ಮನವಿಗಳಿದ್ದವು. ಸಾಂಬ್ರಾಣಿ ಹೊಗೆಯ ವ್ಯಾಜ್ಯ ಬೇರೆ. ಹೊಗೆ ಮೂಗಿನ ಮೂಲಕ ಒಳಗೆ ಹೋಗುತ್ತದಾದ್ದರಿಂದ ಅದೂ ಮಗಳ ವ್ಯಾಪ್ತಿಗೇ ಬಂತು. ಈಗ ಕೂದಲು ಒಣಗಿಸಲು ಟವಲು.

ಮಲಗಿಸುವ ಭಂಗಿಯಲ್ಲಿ ಮಾತ್ರ ನಮ್ಮ ಅಜ್ಜಿಯಂದಿರೇ ಗೆದ್ದರು. ಪಶ್ಚಿಮದ ದೇಶಗಳಲ್ಲಿ ಹಿಂದೆ ಕೂಸುಗಳನ್ನು ಬೋರಲು ಮಲಗಿಸಿ ಎಂದು ವೈದ್ಯರೇ ಹೇಳುತ್ತಿದ್ದರು. ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುವ ಮಕ್ಕಳಿಗೂ ಈ ಭಂಗಿಗೂ ನಂಟಿದೆ ಎಂದು ಗೊತ್ತಾದ ಮೇಲೆ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಶುರುವಾಯಿತು, ಸಾವುಗಳು ಅರ್ಧಕ್ಕೂ ಕೆಳಗಿಳಿದವು. ನಮ್ಮಲ್ಲಿ ತೊಟ್ಟಿಲಲ್ಲಿ ಅಂಗಾತ ಮಲಗಿಸದೆ ಇನ್ನು ಹೇಗೆ ಮಲಗಿಸುತ್ತಿದ್ದರು? ಇದನ್ನು ಹೇಳಿದಾಗ ನಮ್ಮನೆಯವಳು ಒಂದು ವಾರ ತಲೆ ಎತ್ತಿಕೊಂಡು ಓಡಾಡಿದಳು. ತಲೆ ದುಂಡಗಾಗಲೆಂದು ಹೊಲಿದ ಸಾಸಿವೆ ದಿಂಬು ತೊಟ್ಟಿಲಲ್ಲಿ ಇರಕೂಡದೆಂದು ತಿಳಿದ ದಿನ ಆ ತಲೆ ಸ್ವಲ್ಪ ಇಳಿಯಿತು. ಎಚ್ಚರವಿದ್ದಾಗ ನಾವು ನೋಡುತ್ತಿರುವ ಹಾಗೆ ಬೋರಲು ಹಾಕಿದರೆ ತಲೆಯೂ ಚಪ್ಪಟೆಯಾಗದು, ಕತ್ತೂ ಗಟ್ಟಿಯಾದೀತು. ಅದಕ್ಕೆ ಸಾಸಿವೆ ಬೇಕಿಲ್ಲ.

ನನ್ನ ಪಾಲಿಗೆ ಬಂದ ಕೆಲಸ ಸಂಜೆ ಆರರ ಅಳು. ಅದಕ್ಕೆ ಸಿಸ್ಟರ್ ಕೊಟ್ಟ ಮದ್ದು ಜಪಾನಿನದು. ಅಲ್ಲಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು ಅಳುವ ಕೂಸುಗಳನ್ನು ತಾಯಂದಿರ ಕೈಲಿ ಎತ್ತಿಸಿ ನಡೆಸಿ 2022ರಲ್ಲಿ ಪ್ರಕಟಿಸಿದ ವಿಷಯ: ಎದೆಗವಚಿಕೊಂಡು ಐದು ನಿಮಿಷ ನಿಲ್ಲದೆ ನಡೆಯಬೇಕು, ನಿದ್ದೆ ಬಂದ ಮೇಲೂ ಐದರಿಂದ ಎಂಟು ನಿಮಿಷ ಹಾಗೇ ಕೂತಿರಬೇಕು, ಆಮೇಲೆ ಇಳಿಸಬೇಕು. ಬೇಗ ಇಳಿಸಿದರೆ, ಮೈ ನಮ್ಮ ಮೈಯಿಂದ ಬೇರೆಯಾಗುವ ಕ್ಷಣದಲ್ಲೇ ಮಗುವಿನ ಎದೆಬಡಿತ ಬದಲಾಗಿ ಎಚ್ಚರವಾಗಿಬಿಡುತ್ತದಂತೆ. ನಾನು ಮಾಡುತ್ತಿದ್ದ ತಪ್ಪು ಅದೇ. ಕಣ್ಣು ಮುಚ್ಚಿದೊಡನೆ ಗೆದ್ದೆನೆಂದು ಇಳಿಸುತ್ತಿದ್ದೆ. ಈಗ ವರಾಂಡದ ಬೆತ್ತದ ಕುರ್ಚಿಯಲ್ಲಿ ಎಂಟು ನಿಮಿಷ, ಗೋಡೆ ಗಡಿಯಾರದ ಎದುರಿಗೆ. ನಲವತ್ತೈದು ನಿಮಿಷದ ಪೀರಿಯಡ್ಡು ತೆಗೆದುಕೊಂಡವನಿಗೆ ಈ ಎಂಟು ನಿಮಿಷ ಅದಕ್ಕಿಂತ ಉದ್ದ ಅನಿಸುತ್ತದೆ.

ಹದಿನಾಲ್ಕನೇ ವಾರದ ಚುಚ್ಚುಮದ್ದಿನ ರಾತ್ರಿ ಮಗುವಿಗೆ ಮೈ ಬಿಸಿಯಾಯಿತು. ಆರನೇ ವಾರಕ್ಕೊಂದು, ಹತ್ತಕ್ಕೊಂದು, ಹದಿನಾಲ್ಕಕ್ಕೊಂದು, “ಎಷ್ಟು ಸಲ ಚುಚ್ಚೋದು ಅದನ್ನ!” ಎಂದು ಅಜ್ಜಿ ಸಿಡುಕಿದಳು. ಬೆಳಿಗ್ಗೆ ಗೋಡೆಯ ಬಳಿ ಈ ಮಾತು ಬಂದಾಗ ನಾನು ತೋಳು ಮಡಚಿ ನನ್ನ ಹಳೆಯ ದಾಕಿನ ಕಲೆ ತೋರಿಸಿದೆ, ಸಿಸ್ಟರ್ ತಮ್ಮದನ್ನು ತೋರಿಸಿದರು. ಸಿಡುಬು ಭೂಮಿಯಿಂದಲೇ ಹೋಯಿತು, ನಮ್ಮ ತೋಳಿನ ಮೇಲೆ ರಸೀದಿ ಉಳಿದಿದೆ. ಹೀಗೆ ತೋಳು ತೋರಿಸುವುದು ಮೈಸೂರಿನವರಿಗೆ ಹೊಸದಲ್ಲ. ಥಾಮಸ್ ಹಿಕಿ 1805ರಲ್ಲಿ ಬರೆದ ಒಂದು ಚಿತ್ರದಲ್ಲಿ ಒಡೆಯರ ಮನೆತನದ ಮೂವರು ಹೆಂಗಸರಿದ್ದಾರೆ. ಅವರಲ್ಲೊಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ಆಕೆ ಸೆರಗು ಸರಿಸಿ ಎಡತೋಳು ಕಾಣಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡೆ ಎಂದು ಪ್ರಜೆಗಳಿಗೆ ತೋರಿಸಲಿಕ್ಕೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಇಷ್ಟು ಹೇಳಿದ ಮೇಲೆ ನಮ್ಮನೆಯವಳು “ರಾಣೀನೇ ಹಾಕಿಸ್ಕೊಂಡಿದ್ಲಾ?” ಅಂದಳು. ಚುಚ್ಚುಮದ್ದಿನ ಲೆಕ್ಕ ಬರೆಯುವ ತಾಯಿ ಕಾರ್ಡು ಈಗ ದೇವರ ಮನೆಯ ಗೂಡಿನಲ್ಲಿ, ಪಂಚಾಂಗದ ಪಕ್ಕ.

ಮುಂದಿನ ತಿಂಗಳು ಮಗಳು ಬೆಂಗಳೂರಿಗೆ ಹೊರಡುತ್ತಾಳೆ. ಅಲ್ಲಿ ಆರು ತಿಂಗಳು ತುಂಬಿ ಮಗುವಿಗೆ ಅನ್ನದ ರುಚಿ ಶುರು. ಬಾಯಿಯ ವಿಷಯದಲ್ಲಿ ಅಜ್ಜಿಗೆ ಸಿಕ್ಕ ಒಂದೇ ಪರವಾನಗಿ ರಾಗಿ ಸರಿ ಹಿಟ್ಟು, ಅವಳು ಅದನ್ನು ಯಜ್ಞದಂತೆ ಮಾಡುತ್ತಿದ್ದಾಳೆ. ಏಳು ನೀರಲ್ಲಿ ತೊಳೆದು, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಹಡಿಯ ನೆರಳಲ್ಲಿ ಒಣಗಿಸಿ, ಬೀಸಿ, ನನ್ನ ಹಳೆಯ ಮಲ್ಲು ಪಂಚೆಯಲ್ಲಿ ವಸ್ತ್ರಗಾಳಿತ. ಗೋಡೆಯಾಚೆಯಿಂದ ಸಿಸ್ಟರ್ ಒಂದು ಮಾತು ಕೂಗಿದರು: “ಬಹಳ ಹುರೀಬೇಡಿ ಕಣ್ರೀ, ಮೊಳಕೆಯ ಗುಣ ಸತ್ತುಹೋಗುತ್ತೆ!” ಮೊಳಕೆಯಲ್ಲಿ ಪಿಷ್ಟ ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದ ಗಂಜಿ ಗಟ್ಟಿಯಾಗದೆ ತೆಳ್ಳಗಿರುತ್ತದೆ, ಅಂದರೆ ಅದೇ ಒಂದು ಒಳಲೆಯಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಒಂದು ಹಿಡಿ ಹೊಟ್ಟೆಯ ಕೂಸಿಗೆ ಅದೇ ಬೇಕಾದ್ದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಬೇರೆ. ಮಕ್ಕಳ ಆಹಾರದಲ್ಲಿ ನಮ್ಮ ಊರಿನ ಹೆಸರು ಸಣ್ಣದಲ್ಲ. ಜೀರ್ಣವಾಗುವುದು ಕಷ್ಟವೆಂದು ಬದಿಗಿಟ್ಟಿದ್ದ ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನ ಕಂಡುಹಿಡಿದದ್ದು ಇಲ್ಲಿನ ಸಿಎಫ್‌ಟಿಆರ್‌ಐ, ಅದನ್ನು ಡಬ್ಬಕ್ಕೆ ತುಂಬಿದ್ದು ಅಮುಲ್. ಆದರೂ ನಮ್ಮನೆಯ ಮಹಡಿಯ ಪ್ರಯೋಗಾಲಯದ ಮುಂದೆ ಅದರ ಮಾತು ಎತ್ತುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಬಲ್ಲ ಸಿಸ್ಟರ್ ಸ್ವಲ್ಪ ದಿನದಿಂದ ಮಂಕಾಗಿದ್ದರು. ಅವರ ಮೊಮ್ಮಗ, ಹದಿನಾಲ್ಕು ತಿಂಗಳ ಗುಂಡಪ್ಪ, ಇನ್ನೂ ನಡೆದಿಲ್ಲ. ಅಂಬೆಗಾಲೂ ಇಟ್ಟವನಲ್ಲ, ಕೂತಲ್ಲಿಂದ ಕುಂಡಿ ಜಾರಿಸಿಕೊಂಡೇ ಅಂಗಳ ಸುತ್ತುತ್ತಾನೆ. ನಮ್ಮ ಕಡೆ ಬೋರಲು ಬಿದ್ದರೆ ಬೋಂಡ, ಅಂಬೆಗಾಲಿಗೆ ಅಂಬೊಡೆ, ಹೊಸಿಲು ದಾಟಿದರೆ ಹೋಳಿಗೆ. ಅವನು ಅಂಬೊಡೆಯನ್ನು ತಪ್ಪಿಸಿದ, ಹೊಸಿಲನ್ನು ಕೂತುಕೊಂಡೇ ದಾಟಿದ. ಹೋಳಿಗೆ ಮಾಡಬೇಕೋ ಬೇಡವೋ ಎಂದು ಎರಡು ದಿನ ಚರ್ಚೆಯಾಗಿ ಕೊನೆಗೆ ಮಾಡಿ, ನಮಗೂ ಆರು ಬಂದವು. ಯಾರೋ ನೆಂಟರು ಗಾಲಿಯ ವಾಕರ್ ತಂದುಕೊಟ್ಟರು. ಸಿಸ್ಟರ್ ಅದನ್ನು ಅಟ್ಟಕ್ಕೆ ಹಾಕಿದರು. ಮಕ್ಕಳು ಮೆಟ್ಟಿಲಿಂದ ಉರುಳುತ್ತವೆಂದು ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ. ನಿಂತು ತಳ್ಳುವ ಮರದ ಮೂರು ಗಾಲಿ ಗಾಡಿಯೇ ವಾಸಿ.

ನಾನು ಮೇಷ್ಟ್ರ ಬುದ್ಧಿ ಬಿಡದೆ ಓದಿಕೊಂಡು ಹೋದೆ. “ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 816 ಮಕ್ಕಳನ್ನ ನೋಡಿ 2006ರಲ್ಲಿ ಹೇಳಿದೆ ಸಿಸ್ಟರ್. ದಿಲ್ಲಿಯ ಮಕ್ಕಳೂ ಇದ್ರು ಅದ್ರಲ್ಲಿ. ಒಬ್ಬರೇ ನಡೆಯೋದು ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದ್ರೂ ಆಗಬಹುದು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲ್ಲ.”

“ಗೊತ್ತು ಮೇಷ್ಟ್ರೇ,” ಅಂದರು ಸಿಸ್ಟರ್, ಕರಿಬೇವಿನ ಒಂದು ಎಸಳನ್ನು ಸುಮ್ಮನೆ ಬಿಡಿಸುತ್ತ. “ಇದೇ ಮಾತನ್ನ ನಾನು ನೂರಾರು ಅಜ್ಜೀರಿಗೆ ಹೇಳಿದೀನಿ. ಅವರ ಮುಖ ಯಾಕೆ ಹಾಗೇ ಇರ್ತಿತ್ತು ಅಂತ ಈಗ ಗೊತ್ತಾಗ್ತಿದೆ.”

ನಿನ್ನೆ ಸಂಜೆ ಆರರ ಅಳು ಮುಗಿಸಿ, ಐದು ನಿಮಿಷ ನಡೆದು, ಬೆತ್ತದ ಕುರ್ಚಿಯಲ್ಲಿ ಕೂತಿದ್ದೆ. ಗೋಡೆಯಾಚೆ ಸಿಸ್ಟರ್ ಕಾಣಿಸಿಕೊಂಡರು. ಗುಂಡಪ್ಪ ಅವರ ಸೆರಗು ಹಿಡಿದು ಗಿಡದ ಬುಡದಲ್ಲಿ ನಿಂತಿರಬೇಕು, ನನಗೆ ಜುಟ್ಟೂ ಕಾಣುತ್ತಿರಲಿಲ್ಲ. “ಇವತ್ತಿಗೆ ಹದಿನಾಲ್ಕು ತಿಂಗಳು ಹನ್ನೊಂದು ದಿನ,” ಎಂದರು ಪಿಸುದನಿಯಲ್ಲಿ. ನಾನು ಬಾಯಿ ಬಿಡುವಂತಿರಲಿಲ್ಲ. ಗಡಿಯಾರದ ಕಡೆ ಕಣ್ಣು ತೋರಿಸಿ, ಮಗುವಿನ ಬೆನ್ನ ಮೇಲಿದ್ದ ಕೈಯಿಂದ ಮೂರು ಬೆರಳು ಎತ್ತಿದೆ, ಇನ್ನು ಮೂರು ನಿಮಿಷ ಎಂದು. ಅವರು ಅದನ್ನು ಮೂರು ತಿಂಗಳು ಎಂದುಕೊಂಡರೋ ಏನೋ, ನಿಧಾನವಾಗಿ ತಲೆಯಾಡಿಸಿದರು.